ಉಂಡ ಮೇಲೆ ತೂರಾಡುವ ನಾಯಿಮರಿ

ಸಿಂಗಾನಲ್ಲೂರಿನ ಮನೆಗಳಲ್ಲಿ ಪಗ್, ಶಿಹ್ ತ್ಸು ಮೊದಲಾದ ಪುಟ್ಟ ನಾಯಿಗಳು ಮಕ್ಕಳ ಒಡನಾಡಿಗಳು. ಇಂತಹ ಮರಿಯು ಉಂಡ ಬಳಿಕ ತೂರಾಡಿದರೆ, ಗೋಡೆಗೆ ತಲೆಯೊತ್ತಿ ನಿಂತರೆ, ಜೊಲ್ಲು ಸುರಿಸಿದರೆ, ಹೊಟ್ಟೆ ಕೆಟ್ಟಿತೆಂದು ಸುಮ್ಮನಿರಲಾಗದು. ಇಲ್ಲಿನ ಪಶುವೈದ್ಯರು ‘ಕಲ್ಲೀರಲ್’ ಎನ್ನುವುದು ನಮ್ಮ ಯಕೃತ್ತನ್ನೇ, ಕೇಡು ಅಲ್ಲಿರಬಹುದು.

ಕರುಳಿನ ರಕ್ತವು ಮೊದಲು ಯಕೃತ್ತಿಗೆ ಹೋಗಿ ಶುದ್ಧಗೊಳ್ಳುವುದು ದೇಹದ ಕ್ರಮ. ಕೆಲವು ಮರಿಗಳಲ್ಲಿ ಹುಟ್ಟಿನಿಂದಲೇ ಇರುವ ಅಡ್ಡನಾಳವೊಂದು ಆ ರಕ್ತವನ್ನು ಯಕೃತ್ತಿನ ಹೊರಗಿನಿಂದಲೇ ಹರಿಸಿಬಿಡುತ್ತದೆ. ಉಳಿದ ಅಮೋನಿಯಾ ಮಿದುಳನ್ನು ಮಂಕಾಗಿಸುತ್ತದೆ. ಉಪವಾಸದಲ್ಲೊಮ್ಮೆ, ಉಂಡ 2 ಗಂಟೆಯ ಬಳಿಕ ಇನ್ನೊಮ್ಮೆ ರಕ್ತ ತೆಗೆದು ಪಿತ್ತಾಮ್ಲವನ್ನು ಅಳೆದರೆ ಸುಳಿವು ಸಿಗುತ್ತದೆ. ನಾಳವನ್ನು ಕಾಣಲು ಸ್ಕ್ಯಾನ್ ಬೇಕು. ಶಸ್ತ್ರಚಿಕಿತ್ಸೆಯಿಂದ ಅದನ್ನು ಮುಚ್ಚಬಹುದು.

ಅಲ್ಲಿಯವರೆಗೆ, ಅದು ಸಾಧ್ಯವಾಗದಿದ್ದರೆ ಬಾಳಿನುದ್ದಕ್ಕೂ, ಆರೈಕೆಯಿರುವುದು ತಟ್ಟೆಯಲ್ಲಿ. ಮಾಂಸಕ್ಕಿಂತ ಮೊಟ್ಟೆ, ಪನೀರು, ಸೋಯಾಗಳ ಪ್ರೋಟೀನನ್ನು ಇಂತಹ ಮರಿ ಸುಲಭವಾಗಿ ತಾಳುತ್ತದೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಬೆಳೆಯುವ ಮರಿಗೆ ಪ್ರೋಟೀನನ್ನು ಪೂರ್ತಿ ನಿಲ್ಲಿಸುವುದೂ ತಪ್ಪು. ದಿನದ ಆಹಾರವನ್ನು ನಾಲ್ಕೈದು ಪಾಲು ಮಾಡಿ. ಮಲಬದ್ಧತೆಗೆ ನಾವು ಕುಡಿಯುವ ಲ್ಯಾಕ್ಟುಲೋಸ್ ಇಲ್ಲಿಯೂ ಮದ್ದು. ಅದು ಅಮೋನಿಯಾವನ್ನು ಕರುಳಿನಲ್ಲೇ ಹಿಡಿದು ಹೊರಹಾಕುತ್ತದೆ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ.

ಕಷ್ಟವಿರುವುದು ಮಕ್ಕಳಿಗೆ ತಿಳಿಹೇಳುವುದರಲ್ಲಿ. ತಟ್ಟೆಯ ಕೋಳಿತುಂಡನ್ನು ಅವರು ಗುಟ್ಟಾಗಿ ಅದರ ಬಾಯಿಗಿಡುವುದು ಪ್ರೀತಿಯಿಂದಲೇ. ಗದರುವ ಬದಲು, ಊಟದ ಹೊತ್ತು, ಮದ್ದಿನ ಅಳತೆ, ನಡಿಗೆಯ ರೀತಿಗಳನ್ನು ದಿನವೂ ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡುವ ಹೊಣೆಯನ್ನು ಅವರಿಗೇ ಒಪ್ಪಿಸಿ. ವೈದ್ಯರ ಮುಂದೆ ಅದನ್ನು ನೀವು ತಮಿಳಿನಲ್ಲಿ ಹೇಳಿದರಾಯಿತು.