‘ಹೇಳಿದ್ನಲ್ಲ’ ಅಂದರೆ ಸಾಲದು

ಗೃಹಪ್ರವೇಶಕ್ಕೆ ನೂರು ಕಾಯಿ ಹೋಳಿಗೆ ಬೇಕೆಂದು ಗಿರಾಕಿ ಫೋನಿನಲ್ಲಿ ಹೇಳಿರುತ್ತಾರೆ. ಬೆಳಿಗ್ಗೆ ನೋಡಿದರೆ ಬೇಳೆ ಹೂರಣ ಸಿದ್ಧ! ‘ನಿನ್ನೇನೇ ಹೇಳಿದ್ನಲ್ಲ’ ಅಂತ ನೀವು, ‘ನಂಗ್ಯಾರೂ ಹೇಳ್ಲಿಲ್ಲ ಅಕ್ಕಾ’ ಅಂತ ಸಹಾಯಕಿ. ಮನೆಯಲ್ಲೇ ತಿಂಡಿ ಮಾಡಿ ಮಾರುವ, ಇಬ್ಬರು ಮೂವರಿಗೆ ಕೆಲಸ ಕೊಟ್ಟಿರುವ ಗೃಹಿಣಿಯರಿಗೆ ಇದು ಹೊಸದೇನಲ್ಲ. ತಪ್ಪು ಯಾರದೇ ಇರಲಿ, ನಷ್ಟ ಮಾತ್ರ ನಿಮ್ಮದೇ.

ಯಾರು, ಯಾರಿಗೆ, ಏನನ್ನು, ಯಾವಾಗ ತಿಳಿಸಬೇಕು ಎಂಬುದನ್ನು ದೊಡ್ಡ ಕಚೇರಿಗಳಲ್ಲಿ ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಅಡುಗೆಮನೆಯಲ್ಲೇ ಉದ್ಯೋಗ ನಡೆಸುವವರಿಗೂ ಇಂಥದೊಂದು ಏರ್ಪಾಡು ಬೇಕು. ಅದಕ್ಕೆ ಹೆಚ್ಚಿನ ಓದು ಬೇಕಿಲ್ಲ. ಮುಂಬೈನ ಡಬ್ಬಾವಾಲಾಗಳನ್ನೇ ನೋಡಿ. 1890ರಲ್ಲಿ ಶುರುವಾದ ಅವರ ಕೆಲಸ ನಡೆಯುವುದು ಊಟದ ಡಬ್ಬದ ಮೇಲಿನ ಬಣ್ಣ, ಅಕ್ಷರ, ಅಂಕಿಗಳ ಗುರುತಿನಿಂದ. ಯಾವ ರೈಲು ನಿಲ್ದಾಣ, ಯಾವ ಕಟ್ಟಡ, ಎಷ್ಟನೇ ಮಹಡಿ ಎಲ್ಲವೂ ಅದರಲ್ಲೇ ಇರುತ್ತದೆ. ಡಬ್ಬ ಹಲವು ಕೈ ದಾಟಿದರೂ ದಾರಿ ತಪ್ಪುವುದು ಅಪರೂಪ.

ನೀವು ಹೀಗೆ ಮಾಡಿ

* ಆರ್ಡರ್ ಬರೆದುಕೊಳ್ಳುವವರು ಒಬ್ಬರೇ ಇರಲಿ. ಯಜಮಾನರೋ ಮಗಳೋ ಫೋನ್ ಎತ್ತಿದರೆ ಗಿರಾಕಿಯ ಹೆಸರು, ನಂಬರ್ ಮಾತ್ರ ಬರೆದಿಟ್ಟರೆ ಸಾಕು.

* ಎಲ್ಲರಿಗೂ ಕಾಣುವಂತೆ ಗೋಡೆಗೊಂದು ಬೋರ್ಡ್ ಹಾಕಿ. ತಿಂಡಿ ಯಾವುದು, ಎಷ್ಟು, ಎಷ್ಟು ಗಂಟೆಗೆ ಕೊಡಬೇಕು ಎಂಬ ಮೂರೇ ವಿಷಯ ಅದರಲ್ಲಿರಲಿ. ಆರ್ಡರ್ ಬದಲಾದರೆ ಮೊದಲು ಬೋರ್ಡ್ ತಿದ್ದಿ, ಆಮೇಲೆ ಬಾಯಲ್ಲಿ ಹೇಳಿ.

* ಓದಲು ಬಾರದವರಿಗೆ ಬಣ್ಣದ ಗುರುತು ಮಾಡಿ. ಕೆಂಪು ಚೀಟಿ ಇದ್ದರೆ ಕಡಲೆಬೀಜ ಹಾಕಬಾರದು ಎಂದಿಟ್ಟುಕೊಳ್ಳಿ. ಇದನ್ನು ಹಗುರವಾಗಿ ಕಾಣಬೇಡಿ. ಕಡಲೆಬೀಜದ ಅಲರ್ಜಿ ಇರುವ ಮಗುವಿಗೆ ಚಿತ್ರಾನ್ನದಲ್ಲಿನ ಒಂದೆರಡು ಬೀಜವೂ ಪ್ರಾಣಕ್ಕೆ ಕುತ್ತು ತರಬಹುದು. ಬೀಜ ಹುರಿದ ಬಾಣಲೆ, ಸೌಟನ್ನೂ ಚೆನ್ನಾಗಿ ತೊಳೆಯದೆ ಬಳಸುವಂತಿಲ್ಲ.

* ಕೆಲಸ ಶುರುವಾಗುವ ಮುನ್ನ ಐದು ನಿಮಿಷ ಎಲ್ಲರೂ ಜೊತೆಗೆ ಕೂತು ಕಾಫಿ ಕುಡಿಯಿರಿ. ‘ಅರ್ಥ ಆಯ್ತಾ?’ ಅಂದರೆ ಯಾರಾದರೂ ‘ಹೂಂ’ ಅಂತಾರೆ. ಅದರ ಬದಲು ‘ಇವತ್ತು ಏನೇನು ಮಾಡ್ಬೇಕು, ಹೇಳಮ್ಮಾ’ ಅನ್ನಿ. ಎಲ್ಲಿ ತಪ್ಪು ತಿಳಿದಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

* ರಾತ್ರಿ ಬಂದ ಆರ್ಡರನ್ನು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಬಹುದು. ಆದರೆ ಅತ್ತಲಿಂದ ಉತ್ತರ ಬರುವ ತನಕ ವಿಷಯ ಮುಟ್ಟಿತೆಂದು ತಿಳಿಯಬೇಡಿ.

ಕೇಳುವುದೂ ಕೆಲಸವೇ

ಎಷ್ಟೋ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮಾತು ಯಜಮಾನಿಯಿಂದ ಸಹಾಯಕಿಗೆ ಹೋಗುತ್ತದೆ, ಅಲ್ಲಿಂದ ತಿರುಗಿ ಬರುವುದಿಲ್ಲ. ಬೆಲ್ಲ ಮುಗಿದಿದೆ, ಹೂರಣ ತಳ ಹಿಡಿದಿದೆ, ನಾಳೆ ಮಗುವನ್ನು ಆಸ್ಪತ್ರೆಗೆ ತೋರಿಸಬೇಕು, ರಜೆ ಬೇಕು... ಇವನ್ನೆಲ್ಲ ಹೇಳಲು ಅವರಿಗೆ ಅಂಜಿಕೆ. ತಳ ಹಿಡಿದದ್ದನ್ನು ಬಂದು ಹೇಳಿದಾಕೆಗೆ ನಾಲ್ಕು ಜನರೆದುರು ಬೈದಿರೋ, ಮುಂದಿನ ಸಲ ಆಕೆ ಅದನ್ನು ಒಳ್ಳೆಯ ಹೂರಣದಲ್ಲಿ ಸದ್ದಿಲ್ಲದೆ ಬೆರೆಸಿಬಿಡುತ್ತಾಳೆ. ಆಗ ಹಾಳಾಗುವುದು ಒಂದು ಪಾತ್ರೆ ಹೂರಣವಲ್ಲ, ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ ಹೆಸರು. ಅದಕ್ಕೇ ‘ಹೇಳಿದ್ದು ಒಳ್ಳೇದಾಯ್ತು, ಈಗೇನು ಮಾಡೋಣ?’ ಎಂಬ ಮಾತು ನಿಮ್ಮ ಬಾಯಲ್ಲಿ ಮೊದಲು ಬರಲಿ. ಬುದ್ಧಿಮಾತು ಹೇಳುವುದಿದ್ದರೆ ಕೆಲಸ ಮುಗಿದ ಮೇಲೆ, ಒಬ್ಬಳನ್ನೇ ಕರೆದು ಹೇಳಿ.

ಒಂದು ವಾರ ಹೀಗೆ ನಡೆಸಿ ನೋಡಿ. ಅಡುಗೆಮನೆಯಲ್ಲಿ ಕೂಗಾಟ ಕಡಿಮೆಯಾದರೆ ನಿಮ್ಮ ಏರ್ಪಾಡು ಸರಿಯಾಗಿದೆ ಎಂದೇ ಅರ್ಥ.