ಈಗ ಯಾವ ಕಾದಂಬರಿ ಓದುತ್ತಿದ್ದೀರಿ?

ಸಂಘದ ಕಟ್ಟೆಯ ಮೇಲೆ ನಾಲ್ಕು ಜನ ಬೆಳೆಗಾರರು ಸೇರಿದರೆ ಮಾತು ಸುತ್ತುವುದು ಮೂರೇ ವಿಷಯಗಳನ್ನು: ಮಳೆ, ಧಾರಣೆ, ಆಳು. ಇವು ಹೊಟ್ಟೆಪಾಡಿನ ಮಾತುಗಳು, ತಪ್ಪೇನಿಲ್ಲ. ಆದರೆ ಧಾರಣೆ ಬಿದ್ದ ವರ್ಷ ಈ ಮೂರೂ ಮಾತು ಬೇಸರ ತರಿಸುತ್ತವೆ. ಜನ ಮನೆಯೊಳಗೇ ಉಳಿದುಬಿಡುತ್ತಾರೆ. ಆದ್ದರಿಂದ ಸದಸ್ಯ ಬಂಧುಗಳು ನಾಲ್ಕನೆಯದೊಂದು ಮಾತನ್ನು ರೂಢಿಗೆ ತರಬೇಕೆಂದು ನಮ್ಮ ಬಿನ್ನಹ: ಎದುರಾದವರನ್ನು ‘ಈಗ ಯಾವ ಕಾದಂಬರಿ ಓದುತ್ತಿದ್ದೀರಿ?’ ಎಂದು ಕೇಳುವುದು.

ಓದಲು ಪುರುಸೊತ್ತೆಲ್ಲಿ ಎನ್ನಬಹುದು. ಬೇಲೂರಿನ ಮಲೆನಾಡು ಸೆರಗಿನವರಿಗೆ ಆಷಾಢ ಶ್ರಾವಣಗಳ ಜಡಿಮಳೆ ತಾನಾಗಿ ಬಿಡುವು ಕೊಡುತ್ತದೆ. ಹಳೇಬೀಡು, ಅರಸೀಕೆರೆ ಕಡೆಯವರಿಗೆ ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಕಾಯುವ ಹೊತ್ತಿದೆ. ಓದುವವರು ನಮ್ಮಲ್ಲಿ ಇಲ್ಲದಿಲ್ಲ. ಓದಿದ್ದನ್ನು ಹೇಳಿಕೊಳ್ಳುವವರು ಕಡಿಮೆಯಾಗಿದ್ದಾರೆ. ಹಿಂದೆ ಹೀಗಿರಲಿಲ್ಲ. ಅರಸೀಕೆರೆಗೆ ನೆರೆಯ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನು ಊರೂರ ಜಗಲಿಗಳಲ್ಲಿ ಒಬ್ಬರು ವಾಚಿಸಿ, ಇನ್ನೊಬ್ಬರು ಅರ್ಥ ಹೇಳಿ, ಅಕ್ಷರ ಬಾರದವರೂ ಕೂತು ಕೇಳುತ್ತಿದ್ದರು. ಓದು ಆಗ ಹತ್ತು ಮಂದಿಯ ಸೊತ್ತಾಗಿತ್ತು.

ಹಾಗೆ ಕೂಡಿ ಮಾತಾಡಲು ತಕ್ಕ ಕಾದಂಬರಿಗಳು ನಮ್ಮ ನೆಲದಲ್ಲೇ ಹುಟ್ಟಿವೆ. 1970ರಲ್ಲಿ ಬಂದ ‘ಗೃಹಭಂಗ’ವನ್ನೇ ತೆಗೆದುಕೊಳ್ಳಿ. ಬರೆದವರು ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರು. ಅವರು 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ತಿಪಟೂರು, ಚನ್ನರಾಯಪಟ್ಟಣ ಸೀಮೆಯ ಹಿಂದಿನ ಕಾಲದ ಬಡತನ, ಪ್ಲೇಗು, ಮನೆ ಮುರಿದ ಬಗೆ ಎಲ್ಲವೂ ಅದರಲ್ಲಿದೆ. ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿ. ಲೆಕ್ಕ ಬರೆದು ಸಂಸಾರ ತೂಗಿಸುವವಳು ಹೆಂಡತಿ ನಂಜಮ್ಮ. ಈ ಪುಸ್ತಕವನ್ನು ಮನೆಯಲ್ಲಿ ಗಂಡಹೆಂಡಿರಿಬ್ಬರೂ ಓದಿದರೆ ಒಂದು ಪ್ರಶ್ನೆ ಏಳದೆ ಇರದು. ಆಳುಗಳ ಬಟವಾಡೆ, ಗೊಬ್ಬರದ ಬಾಕಿ, ಅಡಿಕೆ ಮಾರಿದ ಲೆಕ್ಕ ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಯಲ್ಲಿದೆ. ಸಂಘದ ಷೇರು ಪುಸ್ತಕದಲ್ಲಿ ಅವರಲ್ಲಿ ಎಷ್ಟು ಮಂದಿಯ ಹೆಸರಿದೆ? ಸರ್ವಸದಸ್ಯರ ಸಭೆಯಲ್ಲಿ ಎತ್ತಲು ಹಿಂಜರಿಯುವ ಮಾತನ್ನು ಕಾದಂಬರಿಯ ನೆವದಲ್ಲಿ ಎತ್ತುವುದು ಸುಲಭ.

ಇನ್ನು ಬೇಲೂರಿನವರಿಗೆ ಶಾಂತಲೆ ಮನೆಮಗಳಿದ್ದಂತೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿಯನ್ನು ತೋರಿಸಿ ‘ಇವಳೇ ಶಾಂತಲೆ’ ಎನ್ನುವ ವಾಡಿಕೆಯಿದೆ. ಶಿವಗಂಗೆಯಲ್ಲಿ ಬಂಡೆಯೊಂದನ್ನು ತೋರಿಸಿ ‘ಇಲ್ಲಿಂದಲೇ ಹಾರಿದಳು’ ಎನ್ನುತ್ತಾರೆ. ಶ್ರವಣಬೆಳಗೊಳದ ಶಾಸನವಾದರೋ ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಹೇಳುತ್ತದೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಒಂದು ಕಾದಂಬರಿ, ಸಿ.ಕೆ. ನಾಗರಾಜರಾವ್ ಅವರಿಗೆ 1983ರ ಮೂರ್ತಿದೇವಿ ಪ್ರಶಸ್ತಿ ತಂದ ‘ಪಟ್ಟಮಹಾದೇವಿ ಶಾಂತಲದೇವಿ’ ಇನ್ನೊಂದು. ನೆರೆಯ ಇಬ್ಬರು ಒಂದೊಂದನ್ನು ಓದಿ ಎದುರುಬದುರು ಕೂರಲಿ. ಕಲ್ಲು ಹೇಳುವುದೆಷ್ಟು, ಕಥೆಗಾರ ಕಟ್ಟಿದ್ದೆಷ್ಟು, ಜನ ನಂಬಿದ್ದೆಷ್ಟು ಎಂದು ಬಿಡಿಸುವಾಗ ಒಂದು ಸಂಜೆ ಸಾಲದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬೇಲೂರು ಹಳೇಬೀಡುಗಳನ್ನು ಜಗತ್ತೇ ನೋಡುತ್ತಿದೆ. ಊರವರಾದ ನಾವು ಅಲ್ಲಿನ ಕಥೆಗಳನ್ನೂ ತಿಳಿದಿರುವುದು ಒಳ್ಳೆಯದು.

ಕಾಫಿ ಬೆಳೆಗಾರರಿಗೆ ಬೇಲೂರಿನ ಆಚೆ ಮಗ್ಗುಲ ಮೂಡಿಗೆರೆಯಲ್ಲೇ ಒಬ್ಬ ಕಥೆಗಾರರಿದ್ದರು. 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಸ್ವತಃ ಕಾಫಿ ತೋಟ ಮಾಡಿದವರು. 1980ರ ‘ಕರ್ವಾಲೊ’ದಲ್ಲಿ ಊರವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಹುಟ್ಟು ಸಂಶೋಧಕನನ್ನು ಕಾಣುತ್ತಾರೆ. ಅದನ್ನು ಓದಿದ ಮೇಲೆ ತೋಟದಲ್ಲಿ ಗೂಡು, ಹುಳು, ಹಕ್ಕಿಗಳ ಗುರುತು ಹೇಳುವ ಆಳಿನ ಮಾತನ್ನು ಅಷ್ಟು ಸಲೀಸಾಗಿ ತಳ್ಳಿಹಾಕಲಾಗದು.

ಹಂಚಿಕೊಳ್ಳಲು ದೊಡ್ಡ ವಿಮರ್ಶೆ ಬೇಡ. ಕಥೆ ಎಲ್ಲಿ ನಡೆಯುತ್ತದೆ, ಯಾರು ಮನಸ್ಸಿನಲ್ಲಿ ಉಳಿದರು, ಯಾವ ಮಾತು ಒಪ್ಪಿಗೆಯಾಗಲಿಲ್ಲ, ಇಷ್ಟು ಹೇಳಿದರೆ ಸಾಕು. ಕೊನೆಯನ್ನು ಮಾತ್ರ ಬಿಟ್ಟುಕೊಡಬಾರದು. ಕಣ್ಣು ಮಂಜಾದ ಹಿರಿಯರಿಗೆ ಮೊಮ್ಮಕ್ಕಳು ದಿನಕ್ಕೊಂದು ಅಧ್ಯಾಯ ಓದಿ ಹೇಳಲಿ. ಪೇಟೆ ಶಾಲೆಗೆ ಹೋಗುವ ಮಕ್ಕಳ ಕನ್ನಡವೂ ತಿದ್ದಿಕೊಂಡೀತು.

ಪುಸ್ತಕ ಕೊಂಡೇ ಓದಬೇಕೆಂದಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ಅದರ ಪ್ರಕಾರ ಮನೆ ಕಂದಾಯದ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಹಣ ಕೊಟ್ಟಮೇಲೆ ಪಂಚಾಯಿತಿ ಗ್ರಂಥಾಲಯದ ಬಾಗಿಲಿಗೆ ಹೋಗಿ ‘ಗೃಹಭಂಗ ಇದೆಯೇ?’ ಎಂದು ಕೇಳುವುದು ನಮ್ಮ ಹಕ್ಕು. ಕೇಳುವವರಿಲ್ಲದಿದ್ದರೆ ಕಪಾಟಿನಲ್ಲಿ ಓದುವುದು ಗೆದ್ದಲು ಮಾತ್ರ. ಕೈಗಡ ಕೊಟ್ಟ ಪುಸ್ತಕ ಮರಳುವುದಿಲ್ಲವೆಂಬ ದೂರಿಗೆ ಮದ್ದು ಸರಳ: ಸಂಘದ ಎಣಿಕೆಯಂತೆಯೇ ಒಂದು ನೋಟು ಪುಸ್ತಕದಲ್ಲಿ ಕೊಟ್ಟ ತಾರೀಖು, ಒಯ್ದವರ ಹೆಸರು ಬರೆದಿಡುವುದು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಬಿಸಿಲು ಕಂಡ ದಿನ ಪುಸ್ತಕಗಳನ್ನು ಗಾಳಿಗೆ ಹಾಕಿ.

ಮುಂದಿನ ಸಲ ಗೊಬ್ಬರಕ್ಕೋ ಮೈಲುತುತ್ತಕ್ಕೋ ಸಂಘಕ್ಕೆ ಬರುವಾಗ ಓದಿ ಮುಗಿಸಿದ ಒಂದು ಕಾದಂಬರಿ ಚೀಲದಲ್ಲಿರಲಿ. ಸರದಿ ಕಾಯುವ ಹೊತ್ತಿನಲ್ಲಿ ಪಕ್ಕದವರ ಕೈಗೆ ಅದನ್ನಿಡಿ, ಅವರದನ್ನು ಕೇಳಿ ಪಡೆಯಿರಿ. ಓದಿ ಏನನ್ನಿಸಿತೆಂದು ಹತ್ತು ಸಾಲು ಬರೆದು ನಮಗೂ ಕಳಿಸಿ. ಗುಂಡು ಅಕ್ಷರ ಬೇಕಿಲ್ಲ, ನಿಮ್ಮದೇ ಮಾತಿರಲಿ.