ಮಕ್ಕಳ ಹೊಟ್ಟೆಯೊಳಗಿನ ದುಗ್ಧಗ್ರಂಥಿ ಊದಲು ಬ್ಯಾಕ್ಟೀರಿಯಾ ಕಾರಣವೇ?

ಸಣ್ಣ ಕರುಳನ್ನು ಹಿಡಿದಿಡುವ ಪೊರೆಯಲ್ಲಿ ಕಾಳಿನಷ್ಟು ಚಿಕ್ಕ ದುಗ್ಧಗ್ರಂಥಿಗಳಿರುತ್ತವೆ. ಕರುಳಿನಿಂದ ನುಸುಳುವ ರೋಗಾಣುಗಳನ್ನು ತಡೆಯುವಾಗ ಇವು ಊದಿಕೊಳ್ಳುತ್ತವೆ. ಮಕ್ಕಳಲ್ಲಿ ಇದಕ್ಕೆ ಹೆಚ್ಚಾಗಿ ವೈರಸ್ ಕಾರಣ. ಊತ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಬ್ಯಾಕ್ಟೀರಿಯಾವೂ ಕಾರಣವಾಗಬಲ್ಲದು. ಯೆರ್ಸಿನಿಯಾ ಸೋಂಕಿನಲ್ಲಿ ಹೊಟ್ಟೆಯ ಬಲಭಾಗದ ಕೆಳಗೆ ನೋವು, ಜೊತೆಗೆ ಜ್ವರ ಬಂದು ಥೇಟ್ ಅಪೆಂಡಿಸೈಟಿಸ್‌ನಂತೆ ಕಾಣುತ್ತದೆ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಕೂಡ ಈ ಗ್ರಂಥಿಗಳಲ್ಲಿ ಬೀಡುಬಿಡುತ್ತದೆ.

ಭಾರತದಲ್ಲಿ ಎಂದಿಗೂ ಮರೆಯಬಾರದ ಕಾರಣ ಕ್ಷಯ. ನುಂಗಿದ ಕಫದಿಂದಲೋ ಕಾಯಿಸದ ಹಾಲಿನಿಂದಲೋ ರೋಗಾಣು ಕರುಳು ಸೇರುತ್ತದೆ. ಗ್ರಂಥಿಗಳು ಒಂದಕ್ಕೊಂದು ಅಂಟಿಕೊಂಡು, ನಡುಭಾಗ ಕೊಳೆತು ಗಿಣ್ಣಿನಂತಾಗುತ್ತದೆ. 

ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರಂಥಿ ಊದಿದೆ’ ಎಂದಿದ್ದ ಮಾತ್ರಕ್ಕೆ ಕ್ಷಯವೆಂದು ಹೆದರಬೇಕಿಲ್ಲ. ಆರೋಗ್ಯವಂತ ಮಕ್ಕಳಲ್ಲೂ ಗ್ರಂಥಿಗಳು ಕಾಣುತ್ತವೆ. ಆದರೆ ವಾರಗಟ್ಟಲೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಕ್ಷಯವೆಂದು ಖಚಿತವಾದರೆ ಸಾಮಾನ್ಯವಾಗಿ 6 ತಿಂಗಳ ಔಷಧ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.